ರವಿವಾರ ಸುಮ್ಮನಿರುವ ಸೈಕಲ್ಲು

ಶಹಾಪುರದ ಚಂದ್ರಾಮಪ್ಪನಿಗೆ ಈ ಲೋಕದಿಂದ ಬೇಕಾಗಿದ್ದುದು ಒಂದೇ ಒಂದು: ಯಾರೂ ತನ್ನನ್ನು ಮಾತಾಡಿಸದ ಅರ್ಧ ಗಂಟೆ. ಕೇಳಿದವರಿಗೆ ಇಷ್ಟೇನಾ ಅನ್ನಿಸಬಹುದು. ಆದರೆ ಐವತ್ತು ದಾಟಿದ, ಸಂಸಾರವೂ ಸರಕಾರಿ ನೌಕರಿಯೂ ಇರುವ ಗಂಡಸು ಅಂಥ ಅರ್ಧ ಗಂಟೆಯನ್ನು ಎಲ್ಲಿಂದ ತರಬೇಕು? ಮನೆಯಲ್ಲಿ ಹೆಂಡತಿ ಶಾಂತಾದೇವಿ ಮಾತಾಡುತ್ತಿದ್ದಳು. ಅವಳು ಉಸಿರು ತೆಗೆದುಕೊಳ್ಳುವಾಗ ಟಿವಿ ಮಾತಾಡುತ್ತಿತ್ತು. ಭೀಮರಾಯನಗುಡಿಯ ಕಾಲುವೆ ಆಫೀಸಿನಲ್ಲಿ ಅವನ ಮೇಜಿನ ಮುಂದೆ ನಿಂತು ನೀರು ಬಂದಿಲ್ಲವೆಂದು ರೈತರು ಮಾತಾಡುತ್ತಿದ್ದರು. ಅವರು ಹೋದ ಮೇಲೆ ಅವರು ಯಾಕೆ ಬಂದಿದ್ದರೆಂದು ಸಾಹೇಬರು ಮಾತಾಡುತ್ತಿದ್ದರು. ಈ ಎರಡು ಜಾಗಗಳ ನಡುವೆ ಉಳಿದದ್ದು ಒಂದು ರಸ್ತೆ, ಆ ರಸ್ತೆಯ ಮೇಲೆ ಅವನ ಹಳೆಯ ಸೈಕಲ್ಲು.

ಬಸ್ಸಿಗೆ ಹೋದರೆ ಪಕ್ಕದವನು ಮಾತಿಗೆಳೆಯುತ್ತಾನೆ. ಮೋಟಾರ್ ಸೈಕಲ್ ಇಟ್ಟರೆ ದಾರಿಯುದ್ದಕ್ಕೂ ಯಾರಾದರೂ ಕೈ ಮಾಡಿ ಹಿಂದೆ ಹತ್ತಿಕೊಳ್ಳುತ್ತಾರೆ. ಸೈಕಲ್ಲಿನವನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಪಾಪ ಅನ್ನುತ್ತಾರೆ, ಅಷ್ಟೇ. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಊರು ದಾಟುವಾಗ ಚಂದ್ರಾಮಪ್ಪ ಒಮ್ಮೆ ಹಿಂತಿರುಗಿ ಗುಡ್ಡದ ಕಡೆ ನೋಡುತ್ತಿದ್ದ. ಅಲ್ಲಿ ಬುದ್ಧ ಮಲಗಿದ ಹಾಗೆ ಕಲ್ಲು ಮಲಗಿದೆ. ನೋಡಲು ಬಂದ ಜನ ಫೋಟೋ ತೆಗೆದುಕೊಂಡು ಹೋಗುತ್ತಾರೆಯೇ ಹೊರತು ಎಬ್ಬಿಸಿ ಕಾಲುವೆ ನೀರಿನ ಬಗ್ಗೆ ಕೇಳುವುದಿಲ್ಲ. ಚಂದ್ರಾಮಪ್ಪನಿಗೆ ಆ ಕಲ್ಲಿನ ಮೇಲೆ ಸಣ್ಣ ಹೊಟ್ಟೆಕಿಚ್ಚಿತ್ತು.

ಹೀಗಿರುವಾಗ ಅವನಿಗೆ ಬಡ್ತಿ ಬಂತು. ಎರಡನೇ ದರ್ಜೆಯ ಗುಮಾಸ್ತ ಮೊದಲನೇ ದರ್ಜೆಯವನಾದ. ಕುರ್ಚಿ ಅದೇ, ಗಡಗಡ ಅನ್ನುವ ಫ್ಯಾನು ಅದೇ, ಎದುರಿಗೆ ನಿಂತು ಒದರುವ ಜನ ಅವರೇ. ಆಫೀಸಿನವರು ಶಾಲು ಹೊದಿಸಿ, ಉಕ್ಕಿನ ಪೆನ್ನೊಂದನ್ನು ಕೊಟ್ಟು, ಚಪ್ಪಾಳೆ ತಟ್ಟಿ, ಮಿರ್ಚಿ ಸುಸಲಾ ತಿಂದು ಎದ್ದರು. ಚಂದ್ರಾಮಪ್ಪನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಡ್ತಿ ಬಂದದ್ದು ಗಂಡನಿಗಾದರೂ ಅದರ ಗಾಳಿ ಹೊಕ್ಕದ್ದು ಶಾಂತಾದೇವಿಗೆ. ಆ ಪೆನ್ನನ್ನು ಆಫೀಸಿಗೆ ಹೋಗುವ ದಿನ ಬೆಳಿಗ್ಗೆ ತಾನೇ ಅವನ ಎದೆಯ ಕಿಸೆಗೆ ಸಿಗಿಸಿ ಕಳಿಸತೊಡಗಿದಳು. ಗಂಡನ ಕೊರಳಲ್ಲಿದ್ದ ಲಿಂಗದ ಕರಡಿಗೆ ಅವನ ಅಪ್ಪನ ಕಾಲದ್ದು, ಸವೆದು ಸಣ್ಣಗಾಗಿತ್ತು. ಮೊದಲನೇ ದರ್ಜೆಗೆ ಅದು ಸಾಲದೆಂದು ಅವಳಿಗೆ ಅನ್ನಿಸಿತು. ಸುರಪುರದಲ್ಲಿದ್ದ ತಮ್ಮ ಭಗವಂತರಾಯನಿಗೆ ಫೋನು ಹಚ್ಚಿದಳು. ಅವನು ತನ್ನದರಷ್ಟೇ ದೊಡ್ಡ ಬೆಳ್ಳಿ ಕರಡಿಗೆಯನ್ನು ಮಾಡಿಸಿ, ಉದ್ದನೆಯ ಹೊಸ ಶಿವದಾರ ಹಾಕಿಸಿ, ತಾನೇ ತಂದು ಅಕ್ಕನ ಗಂಡನ ಕೊರಳಿಗೆ ಬಿಟ್ಟ.

ಬಂದವನು ಬರಿಗೈಲಿ ಹೋಗುವ ಪೈಕಿ ಅಲ್ಲ. ಅಂಗಳದಲ್ಲಿದ್ದ ಸೈಕಲ್ಲನ್ನು ಕಾಲಿನಿಂದ ಮುಟ್ಟಿ ನೋಡಿದ.

"ಮಾಮಾ, ಇನ್ನ ಇದರ ಮ್ಯಾಲ ಆಫೀಸಿಗೆ ಹೋದ್ರ ನಮ್ಮ ಮಾನ ಎಲ್ಲಿ ಇಡೂಣ್ರಿ? ನನ್ನ ಸ್ಕೂಟರ್ ನಿಮಗ ಕೊಡ್ತೀನಿ. ನಾ ಕಾರ್ ತರಾಂವ ಇದ್ದೀನಿ. ಈ ಸೈಕಲ್ ನನಗ ಕೊಡ್ರಿ, ಹೊಲದ ಆಳಿಗೆ ಆಗ್ತದ."

"ಸ್ಕೂಟರ್ ಬಂದ್ರ ನಾವೂ ನಾಕು ಮಂದಿಯಂಗ ಎಲ್ಲಾ ಕಾರ್ಯಕ್ಕೂ ಹೋಗಿ ಬರಬಹುದು" ಎಂದಳು ಶಾಂತಾದೇವಿ. "ಯಾದಗಿರಿ ಚಿಗವ್ವನ ಮನಿಗೆ ಹೋಗಿ ಎಷ್ಟ ದಿನ ಆತು. ಹುಣಸಗಿಯವ್ರಂತೂ ನಮ್ಮ ಹೆಸರ ಮರತಾರ. ಆಫೀಸಿಗೆ ಹೋಗಾಗ ನನ್ನ ಗುಡಿತನಕ ಬಿಟ್ಟು ಹೋಗ್ರಿ, ಬರಾಗ ಕರಕೊಂಡು ಬರ್ರಿ."

ಚಂದ್ರಾಮಪ್ಪನ ಕಣ್ಣ ಮುಂದೆ ತನ್ನ ಅರ್ಧ ಗಂಟೆ ನಡೆದುಹೋಗುವುದು ಕಾಣಿಸಿತು. ಹೋಗುವಾಗಲೂ ಬೆನ್ನ ಹಿಂದೆ ಮಾತು, ಬರುವಾಗಲೂ ಬೆನ್ನ ಹಿಂದೆ ಮಾತು. ಬೇಡ ಅನ್ನುವುದಕ್ಕೆ ಅವನಿಗೆ ಹೊಳೆದದ್ದು ಒಂದೇ ನೆವ.

"ಸೈಕಲ್ ಚಲೋ ಅದಲ್ಲ. ಚಲೋ ಇದ್ದದ್ದು ಯಾಕ ಬಿಡಬೇಕು?"

"ಚಲೋ ಇರೋತನಕ ಇಟಗೋರಿ" ಎಂದಳು ಶಾಂತಾದೇವಿ. "ಒಂದು ಸಲ ಕಿರಕ್ ಅಂದ್ರೂ ಸುರಪುರಕ್ಕ ಕಳಸ್ತೀನಿ."

ಕರಾರು ಆಗಿ ಮೂರ್ನಾಲ್ಕು ದಿನವೂ ಕಳೆದಿರಲಿಲ್ಲ, ಸೈಕಲ್ಲು ಟಿಕ್ ಅಂದಿತು.

ಊರು ದಾಟಿ, ಎದುರುಗಾಳಿಗೆ ಚಂದ್ರಾಮಪ್ಪ ಹ್ಯಾಂಡಲ್ ಮೇಲೆ ಬಗ್ಗಿ ತುಳಿಯುತ್ತಿದ್ದ. ಬಲಗಾಲು ಕೆಳಗೆ ಹೋದಾಗ ಟಿಕ್. ಎಡಗಾಲು ಹೋದಾಗ ಏನೂ ಇಲ್ಲ. ಮತ್ತೆ ಬಲಗಾಲು, ಟಿಕ್. ಇಳಿದು ನಿಂತಲ್ಲೇ ಕಾಲಿನಿಂದ ಪೆಡಲ್ ತಿರುಗಿಸಿ ನೋಡಿದ, ಸುಮ್ಮನಿತ್ತು. ಹತ್ತಿದ, ಟಿಕ್ ಅಂದಿತು. ಚೈನು ಎಳೆದ, ಸೀಟು ಅಲುಗಿಸಿದ, ಗಂಟೆಯ ಮುಚ್ಚಳ ಬಿಚ್ಚಿ ಕಿಸೆಗೆ ಹಾಕಿಕೊಂಡ. ಟಿಕ್ ಹೋಗಲಿಲ್ಲ. ದೊಡ್ಡ ಸದ್ದಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇದು ಮೆಲ್ಲಗೆ, ತಪ್ಪದೆ, ಏನೋ ಹೇಳಿಕೊಡುವ ಹೊಸ ಸಾಹೇಬರ ಹಾಗೆ ಟಿಕ್ ಟಿಕ್ ಅನ್ನುತ್ತಿತ್ತು. ಅವತ್ತು ಆಫೀಸು ಮುಟ್ಟುವ ಹೊತ್ತಿಗೆ ಚಂದ್ರಾಮಪ್ಪನಿಗೆ ಬಸ್ಸಿನಲ್ಲಿ ಬಂದಷ್ಟೇ ದಣಿವಾಗಿತ್ತು.

ಹೆಂಡತಿಗೆ ಗೊತ್ತಾಗುವ ಮೊದಲು ಸದ್ದನ್ನು ಹಿಡಿದು ತೆಗೆಯಬೇಕು. ಆದ್ದರಿಂದ ಗುಟ್ಟಾಗಿ ಪಕ್ಕದ ಮನೆಯ ಲಾಡ್ಲೇಸಾಬನನ್ನು ಕೇಳಿದ. ಇದೇ ಅವನು ಮಾಡಿದ ಮೊದಲ ತಪ್ಪು. ಲಾಡ್ಲೇಸಾಬ ಬಸ್ ಡ್ರೈವರ್ ಆಗಿ ನಿವೃತ್ತನಾದವನು. ಸರಕಾರಿ ಬಸ್ಸಿನ ಎಂಜಿನ್ ಪಕ್ಕ ಆಯುಷ್ಯ ಕಳೆದವನಿಗೆ ಗುಟ್ಟು ಹೇಳಬೇಕಾದರೆ ಕೂಗಿಯೇ ಹೇಳಬೇಕು.

"ಟಿಕ್ ಅಂತದ?" ಎಂದು ಓಣಿಗೆಲ್ಲಾ ಕೇಳುವಂತೆ ಲಾಡ್ಲೇಸಾಬ ಒದರಿದ. "ಅದು ಬೇರಿಂಗ್ ರೀ ಅಣ್ಣಾರ! ನಾ ಕಣ್ಣು ಮುಚ್ಚಿ ಹೇಳ್ತೀನಿ. ಹುಣಸಗಿ ರೂಟಿನಾಗ ನನ್ನ ಬಸ್ಸೂ ಹಿಂಗ ಅಂತಿತ್ತು."

ಮರುದಿನ ಅಷ್ಟೇ ನಂಬಿಕೆಯಿಂದ ಅದು ಫ್ರೀವೀಲ್ ಎಂದ. ಅದರ ಮರುದಿನ ಕಡ್ಡಿ ಎಂದ. ಪ್ರತಿ ಸಲವೂ ಹುಣಸಗಿ ರೂಟಿನ ಬಸ್ಸು ಅದೇ ಕಾಯಿಲೆಯಿಂದ ನರಳಿ ಗುಣವಾಗಿತ್ತು. ಅವನ ಹೆಂಡತಿ ಉಮೆಸಲ್ಮಾ ಗೋಡೆಯಾಚೆಯಿಂದ ಇಣುಕಿದಳು. "ಬಡ್ತಿ ಬಂದದಲ್ರಿ, ಯಾರದೋ ನಜರ್ ಹತ್ತೇದ. ಒಂದು ನಿಂಬಿಹಣ್ಣು ಕಟ್ರಿ" ಎಂದು ತಾನೇ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ತಂದು ಹ್ಯಾಂಡಲ್ಲಿಗೆ ಕಟ್ಟಿದಳು. ಈಗ ಸೈಕಲ್ಲು ಟಿಕ್ ಅನ್ನುವಾಗ ನಿಂಬೆಹಣ್ಣು ತಲೆಯಲ್ಲಾಡಿಸಿ ಹೌದು ಹೌದು ಅನ್ನತೊಡಗಿತು.

ಶಾಂತಾದೇವಿಗೆ ಆ ಸಂಜೆಯೇ ಗೊತ್ತಾಯಿತು. ಆಶ್ಚರ್ಯವೆಂದರೆ ಅವಳು ಸಿಟ್ಟಾಗಲಿಲ್ಲ. ಸಮಾಧಾನದಿಂದ ರೊಟ್ಟಿ ಬಡಿಯುತ್ತ, "ರಿಪೇರಿ ಮಾಡಸ್ರಿ, ನೋಡೂಣ. ಹೋಗಲಿಲ್ಲಂದ್ರ ತಮ್ಮಗ ಫೋನ್ ಮಾಡ್ತೀನಿ" ಎಂದಳು. ಈ ಸಮಾಧಾನ ಚಂದ್ರಾಮಪ್ಪನಿಗೆ ಸಿಟ್ಟಿಗಿಂತ ಹೆಚ್ಚು ಭಯ ಹುಟ್ಟಿಸಿತು.

ರಿಪೇರಿಗೆ ಬಿಡುವೆಂದರೆ ರವಿವಾರ. ಚಂದ್ರಾಮಪ್ಪ ರಜೆಯ ದಿನದ ಜುಬ್ಬಾ ತೊಟ್ಟು ಬಸ್ ಸ್ಟ್ಯಾಂಡ್ ಹತ್ತಿರದ ಮುನಾವರನ ಸೈಕಲ್ ಅಂಗಡಿಗೆ ಹೋದ. ಮುನಾವರ ಒಳ್ಳೆಯ ಕೆಲಸಗಾರ, ಆದರೆ ಅವನಿಗೂ ಒಂದು ನಿಯಮವಿತ್ತು: ಸದ್ದು ಕೇಳದೆ ಸ್ಪ್ಯಾನರ್ ಮುಟ್ಟುವುದಿಲ್ಲ.

"ಹೊಡದು ತೋರಸ್ರಿ ಕಾಕಾ."

ಚಂದ್ರಾಮಪ್ಪ ಅಂಗಡಿಯ ಮುಂದೆ ಒಂದು ಸುತ್ತು ಹೊಡೆದ. ಸದ್ದಿಲ್ಲ. ಬಗ್ಗಿ ಜೋರಾಗಿ ತುಳಿದ. ಸದ್ದಿಲ್ಲ. ಬೇಡಿಕೊಳ್ಳುವ ಹಾಗೆ ತುಳಿದ. ಕಬ್ಬಿನ ಹಾಲಿನ ಗಾಡಿಯವನು, ಬಸ್ಸಿಗೆ ಕಾಯುವ ಮಂದಿ, ಎಲ್ಲರೂ ಈ ಮನುಷ್ಯ ಬಿಸಿಲಲ್ಲಿ ಸುಮ್ಮಸುಮ್ಮನೆ ಸುತ್ತುತ್ತಿರುವುದನ್ನು ನಿಂತು ನೋಡಿದರು. ಕೊನೆಗೆ ಮುನಾವರ ಹತ್ತಿ ಹೊಡೆದ. ಸದ್ದಿಲ್ಲ.

"ಕಾಕಾ, ನಿನ್ನಿ ಅಂದಿತ್ತೇನ್ರಿ?"

"ನಿನ್ನಿ ದಾರಿ ತುಂಬ ಅಂದದಪಾ."

"ಇವತ್ತ ಯಾಕ ಅನವಲ್ತು?"

ಆದರೂ ಚಂದ್ರಾಮಪ್ಪನ ಮೋರೆ ನೋಡಿ ಕನಿಕರವಾಗಿ ಮುನಾವರ ನಿಯಮ ಮುರಿದು ಪೆಡಲ್ ಬದಲಿಸಿದ, ಚೈನಿಗೆ ಎಣ್ಣೆ ಬಿಟ್ಟ, ಬೇರಿಂಗ್ ತೊಳೆದ. ಸೋಮವಾರ ಶಾಂತಾದೇವಿ ಎಂದಿನಂತೆ ಅಂಗಿ ಕೊಟ್ಟು, ಪೆನ್ನು ಸಿಗಿಸಿ ಕಳಿಸಿದಳು. ಊರು ದಾಟುತ್ತಲೇ ಹೊಸ ಪೆಡಲ್ಲು, ಹೊಸ ಎಣ್ಣೆ, ತೊಳೆದ ಬೇರಿಂಗ್ ಎಲ್ಲವೂ ಸೇರಿ ಟಿಕ್ ಅಂದವು. ಮುಂದಿನ ರವಿವಾರ ಮತ್ತೆ ಜುಬ್ಬಾ, ಮತ್ತೆ ಅಂಗಡಿ, ಮತ್ತೆ ಮೌನ. "ನನ್ನ ಕಡಿ ಬಂದ್ರ ಹೆಣ್ಣ ನೋಡಾಕ ಬಂದಂಗ ಸುಮ್ಮ ಕುಂದರ್ತದ್ರಿ" ಎಂದು ಮುನಾವರ ಕೈ ಒರೆಸಿಕೊಂಡ.

ರವಿವಾರ ಸದ್ದಿಲ್ಲ, ಆಫೀಸಿನ ದಿನ ಸದ್ದು. ಈ ಸಂಶೋಧನೆ ಓಣಿಗೆ ತಿಳಿದದ್ದೇ ತಡ, ಲಾಡ್ಲೇಸಾಬ ತನ್ನ ಬೇರಿಂಗು, ಕಡ್ಡಿಗಳನ್ನೆಲ್ಲ ಒಮ್ಮೆಗೇ ಬಿಟ್ಟುಕೊಟ್ಟು ಹೊಸ ತೀರ್ಪು ಕೊಟ್ಟ: "ಅದಕ್ಕ ಸರಕಾರಿ ನೌಕರಿ ಸಾಕಾಗೇದ್ರಿ ಅಣ್ಣಾರ. ರಜಾ ದಿನ ಖುಷಿಲೆ ಇರ್ತದ. ವಿಆರ್‌ಎಸ್ ಕೊಟ್ಟುಬಿಡ್ರಿ ಅದಕ್ಕ."

ಇದಕ್ಕಿಂತ ಕೆಟ್ಟದ್ದು ರಸ್ತೆಯ ಮೇಲಾಯಿತು. ಈ ಮೊದಲು ಯಾರೂ ಮಾತಾಡಿಸದ ಚಂದ್ರಾಮಪ್ಪನನ್ನು ಈಗ ಎಲ್ಲರೂ ಮಾತಾಡಿಸತೊಡಗಿದರು. ಚಹಾದಂಗಡಿಯವನು "ಹೋತೇನ್ರಿ ಸದ್ದು?" ಅನ್ನುತ್ತಿದ್ದ. ಟಂಟಂ ಆಟೋದವರು ಗಾಡಿ ನಿಧಾನ ಮಾಡಿ, ಒಳಗಿನ ಪ್ಯಾಸೆಂಜರ್‌ಗಳಿಗೆ ಕೇಳಿಸಿ, "ಇದೇ ನೋಡ್ರಿ" ಎಂದು ತೋರಿಸಿ ಮುಂದೆ ಹೋಗುತ್ತಿದ್ದರು. ಒಂದು ಟಿಕ್‌ನಿಂದ ಅವನ ಅರ್ಧ ಗಂಟೆ ಬಜಾರಾಗಿಹೋಯಿತು. ಅವನು ಎಲ್ಲರಿಗೂ ಉತ್ತರ ಕೊಡುತ್ತ ತುಳಿದ, ಗುಡ್ಡದ ಕಡೆ ನೋಡುವುದನ್ನೂ ಮರೆತ.

ಆಫೀಸಿನಲ್ಲಿ ಸಂಗಮನಾಥ ಎಂಬ ಎಂಜಿನಿಯರರಿದ್ದರು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ಇಂಥವರು ಎಲ್ಲಿದ್ದರೂ ಸುತ್ತಲಿನ ದಣಿದ ಜನರಿಗೆ ತೊಂದರೆ. ಚಂದ್ರಾಮಪ್ಪ ತಡವಾಗಿ ಬಂದದ್ದಕ್ಕೆ ಅವರು ಕಾರಣ ಕೇಳಿದಾಗ ಅವನು ಇದ್ದದ್ದನ್ನು ಹೇಳಿದ. ಇದು ಎರಡನೇ ತಪ್ಪು.

"ಊರಾಗ ಸದ್ದಿಲ್ಲ?" ಎಂದು ಸಂಗಮನಾಥರು ಕಣ್ಣರಳಿಸಿದರು. "ಮುನಾವರನ ಅಂಗಡಿ ಮುಂದ ಸದ್ದಿಲ್ಲ? ನಮ್ಮ ಕಾಲುವಿ ರಸ್ತಾಕ್ಕ ಬಂದ್ರ ಅಷ್ಟ ಸದ್ದು?"

"ಹೌದ್ರಿ ಸರ್, ಆದ್ರ ಐತವಾರ..."

"ಐತವಾರ ನೀವು ಈ ರಸ್ತಾಕ್ಕ ಬರಂಗೇ ಇಲ್ಲಲ್ರಿ! ಸದ್ದು ಸೈಕಲ್ಲಿಂದಲ್ಲ ಚಂದ್ರಾಮಪ್ಪ. ರಸ್ತಾದ್ದು. ಕೆಳಗ ಪೊಳ್ಳಾಗಿರಬೇಕು!"

ಅದು ಊರು ದಾಟಿದ ಮೇಲಿನ ಸದ್ದು, ಕಾಲುವೆ ಇನ್ನೂ ದೂರವಿರುವಾಗಲೇ ಶುರುವಾಗುತ್ತದೆ ಎಂದು ಹೇಳಲು ಚಂದ್ರಾಮಪ್ಪ ಬಾಯಿ ತೆರೆದ. ಅಷ್ಟರಲ್ಲಿ ಸಂಗಮನಾಥರು ಟೋಪಿ ಹಾಕಿಕೊಂಡು ಅಂಗಳದಲ್ಲಿದ್ದರು. ಸಾಹೇಬರ ಟೋಪಿ ತಲೆಗೆ ಏರಿದ ಮೇಲೆ ಗುಮಾಸ್ತನ ಬಾಯಿ ತೆರೆದದ್ದಕ್ಕೆ ಅರ್ಥವಿಲ್ಲ.

ಪರೀಕ್ಷೆ ಉಪಕಾಲುವೆಯ ಏರಿಯ ಮೇಲೆ ನಡೆಯಿತು. ನೆತ್ತಿಯ ಮೇಲೆ ಬಿಸಿಲು. ಚಂದ್ರಾಮಪ್ಪ ತುಳಿಯುತ್ತ ಹೋಗಬೇಕು, ತಿರುಗಿ ಬರಬೇಕು. ಸಂಗಮನಾಥರು ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಪಕ್ಕದಲ್ಲಿ ಓಡಿದರು. ಟಿಕ್ ಅಂದಿತು. "ಕೇಳಸ್ತು! ಕೇಳಸ್ತು!" ಎಂದು ಅವರು ಕುಣಿದರು. ಇಷ್ಟು ದಿನದಲ್ಲಿ ಈ ಸದ್ದು ಕೇಳಿ ಖುಷಿಪಟ್ಟವರು ಅವರೊಬ್ಬರೇ. ಆಮೇಲೆ ತಾವೇ ಸೈಕಲ್ ಹತ್ತಿದರು. ಸದ್ದಿಲ್ಲ. ಇದರಿಂದ ಸಾಮಾನ್ಯ ಮನುಷ್ಯನಿಗೆ ಸಂಶಯ ಬರುತ್ತಿತ್ತು. ಸಂಗಮನಾಥರಿಗೆ ಬಂದದ್ದು ಸಿದ್ಧಾಂತ.

"ನನ್ನ ತೂಕ ಕಡಿಮಿ. ನಿಮ್ಮ ತೂಕಕ್ಕ ಸರಿಯಾಗಿ ಕೆಳಗಿನ ಪೊಳ್ಳು ದನಿ ಕೊಡ್ತದ. ಮತ್ತೊಮ್ಮಿ ಹೊಡೀರಿ, ನಾ ನೆಲಕ್ಕ ಕಿವಿ ಹಚ್ಚತೀನಿ."

ಅವರು ಏರಿಯ ಮೇಲೆ ಬೋರಲು ಮಲಗಿ ಕಿವಿ ನೆಲಕ್ಕೆ ಹಚ್ಚಿದರು. ಚಂದ್ರಾಮಪ್ಪ ಅವರ ಸುತ್ತ, ಅವರ ಕೈಕಾಲು ತುಳಿಯದಂತೆ, ಬೆವರು ಸುರಿಸುತ್ತ ಸೈಕಲ್ ಹೊಡೆದ. ನಿಂಬೆಹಣ್ಣು ಹೌದು ಹೌದು ಅಂದಿತು. ಆ ದಾರಿಯಲ್ಲಿ ಹೊರಟಿದ್ದ ಯಾರೋ ಪುಣ್ಯಾತ್ಮ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟ. ಅದರ ಕೆಳಗೆ ಬರೆದ: ಕಾಲುವೆ ಒಡೆಯುವುದಂತೆ.

ಹೊತ್ತು ಇಳಿಯುವ ಮೊದಲೇ ವಡಗೇರಾ ಕಡೆಯಿಂದ ಟ್ರ್ಯಾಕ್ಟರ್ ತುಂಬ ಜನ ಬಂದಿಳಿದರು. ಅವರು ಕಾಲುವೆಯ ಕೊನೆಯ ಭಾಗದ ರೈತರು. ನೀರು ಅವರ ತನಕ ಬರುವ ಹೊತ್ತಿಗೆ ಅದಕ್ಕೂ ದಣಿವಾಗಿರುತ್ತದೆ. ಅವರ ಮುಂದಾಳು ಅಮರಪ್ಪ ನೇರವಾಗಿ ಚಂದ್ರಾಮಪ್ಪನ ಮೇಜಿಗೆ ಬಂದ.

"ಸೈಕಲ್ ಹೊಡದಾಂವ ನೀನss ಏನ್ರಿ?"

"ಹೌದ್ರಿ, ಆದ್ರ..."

"ಬೆಳಿ ಕಾಳ ಹಿಡಿಯೂ ಹೊತ್ತಿನಾಗ ರಿಪೇರಿ ಹೆಸರಲೆ ನೀರು ಬಂದ್ ಮಾಡ್ಬೇಕಂತ ಮಾಡೀರೇನ? ನಿನ್ನ ಸೈಕಲ್ ಟಿಕ್ ಅಂದ್ರ ನಮ್ಮ ಹೊಲ ಯಾಕ ಒಣಗಬೇಕ್ರಿ?"

ಕೋಪ ಬಂದಾಗ ಅಮರಪ್ಪನಿಗೆ ಮರ್ಯಾದೆ ಮಾತಿನ ಬಾಲದಲ್ಲಷ್ಟೇ ಉಳಿಯುತ್ತಿತ್ತು. ಚಂದ್ರಾಮಪ್ಪ ನೀರು ನಿಲ್ಲುವುದಿಲ್ಲವೆಂದ. ಹಾಗಾದರೆ ಕಾಲುವೆ ಒಡೆಯುತ್ತದೆಯೇ ಎಂದು ಅವರು ಕೇಳಿದರು. ಒಡೆಯುವುದಿಲ್ಲವೆಂದ. ಹಾಗಾದರೆ ಎಂಜಿನಿಯರ್ ನೆಲಕ್ಕೆ ಕಿವಿ ಹಚ್ಚಿ ಯಾಕೆ ಮಲಗಿದ್ದರು ಎಂದು ಕೇಳಿದರು. ಇದನ್ನು ಕೇಳಿದ್ದೇ ಚಂದ್ರಾಮಪ್ಪ ಯಾವುದೋ ಫೈಲು ಹುಡುಕತೊಡಗಿದ. ಗದ್ದಲ ದೊಡ್ಡ ಸಾಹೇಬರ ಬಾಗಿಲಿಗೆ ಹೋಯಿತು. ಅವರು ಹೊರಗೆ ಬಂದು, ನೀರು ಬರುತ್ತದೆ, ಕಾಲುವೆ ಗಟ್ಟಿ ಇದೆ ಎಂದು ರೈತರಿಗೆ ಕೈಮುಗಿದು ಹೇಳಿ ಕಳಿಸಿದರು. ಆಮೇಲೆ ಸಂಗಮನಾಥರನ್ನು ಬಾಗಿಲು ಹಾಕಿಕೊಂಡು ಬೈದರು, ಚಂದ್ರಾಮಪ್ಪನನ್ನು ಬಾಗಿಲು ತೆರೆದು ಬೈದರು.

"ನಾಳಿಂದ ಆ ಸೈಕಲ್ ಈ ಕಂಪೌಂಡಿನಾಗ ಕಾಣಬಾರದು. ಏನರ ಬ್ಯಾರೆ ಗಾಡಿ ನೋಡಕೋರಿ."

ಸಂಜೆ ಮನೆಗೆ ಬಂದಾಗ ಶಾಂತಾದೇವಿ ವಿಡಿಯೋ ನೋಡಿಯಾಗಿತ್ತು. ಯಾದಗಿರಿಯ ಚಿಗವ್ವ ಕಳಿಸಿದ್ದಳು. "ಅಂಗಿ ಇಸ್ತ್ರಿ ಚಂದ ಕಾಣಸ್ತದ" ಎಂದಷ್ಟೇ ಹೇಳಿ ತಮ್ಮನಿಗೆ ಫೋನು ಹಚ್ಚಿದಳು. ಚಂದ್ರಾಮಪ್ಪ ವಾದ ಮಾಡಲಿಲ್ಲ. ವಾದ ಮಾಡಲು ಒಂದಿಷ್ಟು ಜೀವವಾದರೂ ಬೇಕು. ಅವನು ಅಂಗಳದಲ್ಲಿ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಅಪ್ಪ ಸತ್ತಾಗ ಅತ್ತವನು ಸೈಕಲ್ಲಿಗಾಗಿ ಅಳುವುದು ಸರಿಯಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ದುಃಖವಾಯಿತು.

ಎರಡನೇ ಶನಿವಾರ ಆಫೀಸಿಗೆ ರಜೆ. ಬೀಗರೂರಿಗೆ ಹೋಗುವುದೆಂದರೆ ಗಂಡ ಮೊದಲನೇ ದರ್ಜೆಯವನಂತೆ ಕಾಣಬೇಕು. ಶಾಂತಾದೇವಿ ಇಸ್ತ್ರಿಯ ಅಂಗಿ ತೊಡಿಸಿ ಪೆನ್ನು ಸಿಗಿಸಿದಳು. ಟಂಟಂನ ಮೇಲೆ ಸೈಕಲ್ಲನ್ನು ಹಗ್ಗದಿಂದ ಬಿಗಿದು ಇಬ್ಬರೂ ಸುರಪುರದ ರಂಗಂಪೇಟೆಗೆ ಹೊರಟರು. ದಾರಿಯುದ್ದಕ್ಕೂ ಅವಳು ಸ್ಕೂಟರಿನಲ್ಲಿ ಯಾವ ಯಾವ ಊರಿಗೆ ಮೊದಲು ಹೋಗಬೇಕೆಂದು ಹೇಳುತ್ತಿದ್ದಳು. ಚಂದ್ರಾಮಪ್ಪ ತಲೆಯ ಮೇಲೆ ಕಟ್ಟಿಸಿಕೊಂಡು ಹೊರಟಿದ್ದ ತನ್ನ ಸೈಕಲ್ಲಿನ ಚಕ್ರ ಗಾಳಿಗೆ ತಿರುಗುವ ಸಪ್ಪಳ ಕೇಳುತ್ತ ಕೂತಿದ್ದ.

ಭಗವಂತರಾಯ ಸ್ಕೂಟರನ್ನು ತೊಳೆದು, ಕುಂಕುಮ ಹಚ್ಚಿ, ಮಾಲೆ ಹಾಕಿ ಬಾಗಿಲ ಮುಂದೆ ನಿಲ್ಲಿಸಿದ್ದ. ಕಟ್ಟೆಯ ಮೇಲೆ ಅವನ ತಾಯಿ ಪಾರ್ವತಿಬಾಯಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿದ್ದ ಮುದುಕಿ. ಓಣಿಯ ನಾಲ್ಕಾರು ಜನ ಸೇರಿದ್ದರು.

"ಹತ್ರಿ ಮಾಮಾ. ಹೂವಿನಂಗ ಓಡ್ತದ. ಒಂದು ಸದ್ದಿಲ್ಲ, ಗದ್ದಲಿಲ್ಲ. ಆ ಕೆಳಗ ಪೆಟ್ರೋಲ್ ಕೀಲಿ ಅದ ನೋಡ್ರಿ, ಬಗ್ಗಿ ತಿರವ್ರಿ."

ಚಂದ್ರಾಮಪ್ಪ ಹತ್ತಿ ಕೂತ. ಬಗ್ಗಿದ.

ಟಿಕ್.

"ಏನದು?" ಎಂದ ಭಗವಂತರಾಯ. ಚಂದ್ರಾಮಪ್ಪ ಬೆಚ್ಚಿ ನೆಟ್ಟಗಾದ, ಮತ್ತೆ ಬಗ್ಗಿ ನೋಡಿದ. ಟಿಕ್. ಈ ಸಲ ಅವನ ಗದ್ದ ಎದೆಗೆ ತಾಗಿತ್ತು, ಕಣ್ಣು ಅಂಗಿಯ ಸಂದಿಯೊಳಗೆ ಇಳಿದಿತ್ತು. ಉದ್ದ ಶಿವದಾರದಲ್ಲಿ ಜೋತುಬಿದ್ದ ಹೊಸ ಕರಡಿಗೆ ಮೈ ಬಿಟ್ಟು ಮುಂದಕ್ಕೆ ತೂಗಿ, ಕಿಸೆಯ ತೆಳ್ಳನೆಯ ಬಟ್ಟೆಯ ಆಚೆಗಿದ್ದ ಉಕ್ಕಿನ ಪೆನ್ನಿಗೆ ಬಡಿಯುವುದನ್ನು ಅವನು ಕಂಡ. ಹ್ಯಾಂಡಲ್ ಮೇಲೆ ಬಗ್ಗಿ ಬಲಗಾಲು ತುಳಿದಾಗಲೆಲ್ಲ ಮೈ ವಾಲಿ ಹೀಗೇ ಬಡಿದಿತ್ತು. ಆಫೀಸಿನಲ್ಲಿ ಬಗ್ಗಿದಾಗ ಫ್ಯಾನಿನ ಗಡಗಡದಲ್ಲಿ ಕೇಳಿಸಿರಲಿಲ್ಲ. ರವಿವಾರದ ಜುಬ್ಬಾಕ್ಕೆ ಎದೆಯ ಕಿಸೆಯೇ ಇಲ್ಲ. ಬೇರಿಂಗು, ಪೆಡಲ್ಲು, ನಜರು, ಕಾಲುವೆ, ಯಾವುದರದ್ದೂ ತಪ್ಪಿರಲಿಲ್ಲ. ಊರೂರು ಹುಡುಕಿದ ಸದ್ದನ್ನು ಅವನು ಎದೆಯ ಮೇಲೆ ಕಟ್ಟಿಕೊಂಡು ತಿರುಗಿದ್ದ.

ಇಂಥ ಗಳಿಗೆಯಲ್ಲಿ ಬೇರೆ ಯಾರಾದರೂ ಸಿಕ್ಕಿತು ಎಂದು ಕೂಗುತ್ತಿದ್ದರು. ಚಂದ್ರಾಮಪ್ಪ ಎಷ್ಟು ದಣಿದಿದ್ದನೆಂದರೆ ಕೂಗಲು ಅವನಲ್ಲಿ ತ್ರಾಣವಿರಲಿಲ್ಲ. ಆ ದಣಿವೇ ಅವನನ್ನು ಕಾಪಾಡಿತು. ಬಾಯಿ ತೆರೆಯುವ ಮೊದಲು ಅವನಿಗೆ ವಿಚಾರ ಮಾಡಲು ಒಂದು ಕ್ಷಣ ಸಿಕ್ಕಿತು. ಹಿಂದೆಂದೂ ಹೀಗಾಗಿರಲಿಲ್ಲ.

ಅವನು ಏನೂ ತಿಳಿಯದವನಂತೆ ಇನ್ನೊಮ್ಮೆ ಬಗ್ಗಿದ. ಟಿಕ್.

"ಅಯ್ಯ, ಇದಕ್ಕೂ ಅದss ರೋಗ!" ಎಂದು ಶಾಂತಾದೇವಿ ಎದೆ ಬಡಿದುಕೊಂಡಳು. "ತಮ್ಮಾ, ಇದನ್ನss ಏನೋ ನಮ್ಮ ಕೊರಳಿಗೆ ಕಟ್ಟಾಕ ನಿಂತಿದ್ದಿ?"

"ಅಕ್ಕಾ, ದೇವರಾಣಿ, ನಿನ್ನಿತನಕ ಸದ್ದಿರಲಿಲ್ಲ! ಮಾಮಾ, ನೀವು ಇಳೀರಿ, ನಾ ಹತ್ತತೀನಿ." ಭಗವಂತರಾಯ ಹತ್ತಿ ಬಗ್ಗಿದ. ಸದ್ದಿಲ್ಲ. "ನೋಡ್ರಿ!" ಎಂದ.

"ನಿನ್ನ ಕಡಿ ಇದ್ದಾಗ ಅನಂಗಿಲ್ಲ, ನಮ್ಮ ಕಡಿ ಬಂದ ಮ್ಯಾಲ ಅಂತದ. ಸೈಕಲ್ಲೂ ಹಿಂಗss ಮಾಡ್ತಿತ್ತು. ಮುನಾವರನ ಕಡಿ ಸುಮ್ಮ, ಇವರ ಕಡಿ ಟಿಕ್" ಎಂದಳು ಶಾಂತಾದೇವಿ. "ಬ್ಯಾಡಪಾ. ಸೈಕಲ್ ಟಿಕ್ ಅಂದ್ರ ಇಳದು ನಡೀಬಹುದು. ಇದು ಯಾದಗಿರಿ ರಸ್ತಾದಾಗ ಟಿಕ್ ಅಂದು ನಿಂತ್ರ ಚಿಗವ್ವನ ಮುಂದ ನನ್ನ ಮಾನ ಏನಾಗಬೇಕು? ನಾ ಇದರ ಮ್ಯಾಲ ಕುಂದ್ರಂಗಿಲ್ಲ."

"ಮಾಮಾ, ನೀವರ ಹೇಳ್ರಿ!"

"ನಾ ಏನ ಹೇಳಲಿ?" ಎಂದ ಚಂದ್ರಾಮಪ್ಪ. ಅದು ನಿಜವಾದ ಪ್ರಶ್ನೆಯಾಗಿತ್ತು.

ಸ್ಕೂಟರಿನ ಮಾತು ಅಲ್ಲಿಗೆ ಮುಗಿಯಿತು. ಊಟವಾಯಿತು. ಶಾಂತಾದೇವಿ ಬಸ್ಸಿಗೆ ಹೋಗುವುದೆಂದೂ, ಸೈಕಲ್ಲನ್ನು ಮತ್ತೆ ಟಂಟಂಗೆ ಕಟ್ಟುವುದಕ್ಕಿಂತ ಅವನೇ ಹೊಡೆದುಕೊಂಡು ಬರುವುದೆಂದೂ ಅವಳೇ ಗೊಣಗುತ್ತ ತೀರ್ಮಾನಿಸಿದಳು. ಹೊರಡುವ ಮುನ್ನ ಅತ್ತೆಯ ಪಾದ ಮುಟ್ಟಬೇಕು. ಪೆನ್ನಿನ ನೆನಪಾಗುವಷ್ಟರಲ್ಲಿ ಚಂದ್ರಾಮಪ್ಪ ಅರ್ಧ ಬಗ್ಗಿಯಾಗಿತ್ತು. ನಿಂತಲ್ಲೇ ನಿಲ್ಲುವ ಹಾಗಿರಲಿಲ್ಲ, ಏಳುವ ಹಾಗೂ ಇರಲಿಲ್ಲ.

ಟಿಕ್.

ಉಳಿದವರೆಲ್ಲ ಬಾಗಿಲ ಹತ್ತಿರ ಸ್ಕೂಟರ್ ಸುತ್ತ ನಿಂತು ಜಗಳಾಡುತ್ತಿದ್ದರು. ಪಾರ್ವತಿಬಾಯಿಯ ಕಿವಿ ಮಾತ್ರ ಇಲ್ಲಿತ್ತು. ಆಶೀರ್ವಾದಕ್ಕೆಂದು ಅವನ ತಲೆಯ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ. ಹಾಗೇ ಒತ್ತಿಹಿಡಿದು, ಇನ್ನೊಂದು ಕೈಯಿಂದ ಅವನ ಎದೆಯ ಕಿಸೆ ತಡವಿದಳು, ಪೆನ್ನು ಮುಟ್ಟಿದಳು, ಅದರ ಹಿಂದಿನ ಕರಡಿಗೆ ಮುಟ್ಟಿದಳು. ಸ್ಕೂಟರು, ಯಾದಗಿರಿ, ಹುಣಸಗಿ, ಬೆನ್ನ ಹಿಂದಿನ ಮಾತು, ಎಲ್ಲವೂ ಮತ್ತೆ ಚಂದ್ರಾಮಪ್ಪನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

ಮುದುಕಿ ಅವನ ಕಿವಿಯ ಹತ್ತಿರ ಬಾಯಿ ತಂದಳು.

"ಅಳಿಯಂದ್ರ, ಯಾರ ಮುಂದೂ ಅನಬ್ಯಾಡ್ರಿ. ನನ್ನ ಮಗ ಆ ಗಾಡಿ ಮ್ಯಾಲ ನನ್ನ ಕುಂದ್ರಿಸಿಕೊಂಡು ಒಂದು ಗುಡಿ ಬಿಟ್ಟಿಲ್ಲ, ಒಂದು ಬೀಗರ ಮನಿ ಬಿಟ್ಟಿಲ್ಲ. ನಡು ಮುರದು ಹೋಗೇದ. ಇದು ನೀವು ಒಯ್ದ್ರ ನಾಳಿಗೇ ಕಾರ್ ತರ್ತಾನ, ಮತ್ತ ಕಾಶಿ ತನಕ ಒಯ್ತಾನ. ಇನ್ನ ನಾ ಹೇಳ್ತೀನಿ, ಸದ್ದು ಮಾಡೂ ಗಾಡಿ ಮ್ಯಾಲ ಕುಂದ್ರಾಕ ನನಗ ಅಂಜಿಕಿ ಬರ್ತದಂತ. ನಾಕು ದಿನ ಗ್ವಾಡಿಗೆ ಒರಗಿ ಸುಮ್ಮ ಕುಂದರ್ತೀನಿ."

ಚಂದ್ರಾಮಪ್ಪ ಅವಳ ಪಾದವನ್ನು ಇನ್ನೊಮ್ಮೆ ಮುಟ್ಟಿದ. ಅಷ್ಟು ಮನಃಪೂರ್ವಕವಾಗಿ ಅವನು ಯಾರಿಗೂ ನಮಸ್ಕಾರ ಮಾಡಿರಲಿಲ್ಲ.

ಸುರಪುರದ ಇಳಿಜಾರು ದಾಟಿದ ಮೇಲೆ ಪೆನ್ನನ್ನು ತೆಗೆದು ಪ್ಯಾಂಟಿನ ಕಿಸೆಗೆ ಹಾಕಿಕೊಂಡು ಬಗ್ಗಿ ತುಳಿದ. ಬಲಗಾಲು, ಎಡಗಾಲು. ಏನೂ ಇಲ್ಲ. ಗಾಳಿ, ಚೈನು, ಎಲ್ಲೋ ಒಂದು ಪಂಪ್‌ಸೆಟ್ಟು. ಒಣಗಿದ ನಿಂಬೆಹಣ್ಣನ್ನು ಬಿಚ್ಚಿ ಬೇಲಿಗೆ ಎಸೆದ. ಬಿಸಿಲು ಇಳಿಯುವ ಹೊತ್ತಿಗೆ ಗುಡ್ಡ ಕಂಡಿತು. ಬುದ್ಧ ಮಲಗಿಯೇ ಇದ್ದ. ಚಂದ್ರಾಮಪ್ಪ ಈ ಸಲ ಹೊಟ್ಟೆಕಿಚ್ಚುಪಡದೆ ನೋಡಿದ. ಓಣಿಯಲ್ಲಿ ಲಾಡ್ಲೇಸಾಬ ಎದ್ದು ನಿಂತು, "ಸದ್ದು ಹೋತೇನ್ರಿ ಅಣ್ಣಾರ?" ಎಂದು ಒದರಿದ. "ಸುರಪುರದಾಗ ಬಿಟ್ಟು ಬಂದೀನಿ" ಎಂದು ಚಂದ್ರಾಮಪ್ಪ ಇಳಿಯದೆ ಹೋದ. ಸೋಮವಾರ ಹೆಂಡತಿ ಸಿಗಿಸಿದ ಪೆನ್ನು ಊರು ದಾಟುವ ಮೊದಲೇ ಪ್ಯಾಂಟಿನ ಕಿಸೆಗೆ ಇಳಿಯಿತು. ದೊಡ್ಡ ಸಾಹೇಬರು ತಾವೇ ಕಂಪೌಂಡಿನಲ್ಲಿ ನಿಂತು ಕಿವಿಗೊಟ್ಟು, ಸದ್ದಿಲ್ಲದ ಸೈಕಲ್ಲನ್ನು ಒಳಗೆ ಬಿಟ್ಟರು. ಸಂಗಮನಾಥರಿಗೆ ಮಾತ್ರ ಬೇಸರವಾಯಿತು.

ದೀಪಾವಳಿಗೆ ಭಗವಂತರಾಯ ಶಹಾಪುರಕ್ಕೆ ಬಂದ. ಬಾಗಿಲ ಮುಂದೆ ಹಾರ್ನ್ ಬಡಿಯಿತು. ಕೊನೆಗೂ ಕಾರು ತಂದಿದ್ದ. ಹಿಂದಿನ ಸೀಟಿನಲ್ಲಿ ಪಾರ್ವತಿಬಾಯಿ, ಸಾಮಾನಿನ ನಡುವೆ ಇನ್ನೊಂದು ಸಾಮಾನಿನ ಹಾಗೆ ಕಣ್ಣು ಮುಚ್ಚಿ ಕೂತಿದ್ದಳು.

"ಮಾಮಾ, ಇನ್ನ ನಮ್ಮವ್ವ, ಅಕ್ಕ, ನೀವು, ನಾ, ಎಲ್ಲಾರೂ ಕೂಡಿ ಐತವಾರಕ್ಕೊಂದು ಊರು! ಬರ್ರಿ, ಒಮ್ಮಿ ಸ್ಟೀರಿಂಗ್ ಹಿಡದು ನೋಡ್ರಿ!"

"ಬಂದೆ" ಎಂದು ಚಂದ್ರಾಮಪ್ಪ ಒಳಗೆ ಹೋದ. ಜುಬ್ಬಾ ಕಳೆದು ಆಫೀಸಿನ ಅಂಗಿ ತೊಟ್ಟ. ಉಕ್ಕಿನ ಪೆನ್ನನ್ನು ಹುಡುಕಿ ಎದೆಯ ಕಿಸೆಗೆ ಸಿಗಿಸಿದ. ಕರಡಿಗೆ ನೇರ ಮಾಡಿಕೊಂಡು, ಗಂಭೀರವಾಗಿ ನಡೆದು ಕಾರಿನ ಹತ್ತಿರ ಬಂದು ಬಾಗಿಲು ತೆರೆದ. ಹಿಂದಿನ ಸೀಟಿನಿಂದ ಪಾರ್ವತಿಬಾಯಿ ಒಂದು ಕಣ್ಣು ತೆರೆದು ಅವನ ಕಿಸೆಯಲ್ಲಿ ಹೊಳೆಯುವ ಪೆನ್ನಿನ ಕಡೆ ನೋಡಿದಳು.

"ಅಯ್ಯ ಭಗವಂತಾ, ಏನೋ ಟಿಕ್ ಅಂತಲ್ಲೋ!" ಎಂದು ಗಾಬರಿಯಿಂದ ಕೂಗಿದಳು.

ಚಂದ್ರಾಮಪ್ಪ ಇನ್ನೂ ಬಗ್ಗಿರಲಿಲ್ಲ.